ಮಗಳ ಚಹರೆ

"ಎತ್ತರ ಎಷ್ಟಮ್ಮಾ?" ಗ್ಯಾಲರಿಯ ಕಾವಲುಗಾರ ಮೂರನೇ ಸಲ ಕೇಳಿದ.

ಕಲಾವಿದೆ ಅಂಗೈಯನ್ನು ಸೊಂಟದ ಮಟ್ಟಕ್ಕೆ ಹಿಡಿದಳು. ಎದೆಗೇರಿಸಿದಳು. ಮತ್ತೆ ಇಳಿಸಿದಳು. ಅವಳ ಎದೆ ಬಡಿಯುತ್ತಿದ್ದ ಸದ್ದಿಗೆ ಏಳು ಊರಿನ ನಾಯಿಗಳು ಬೊಗಳಬೇಕಿತ್ತು. ಪಕ್ಕದಲ್ಲಿ ಚಹಾ ಹೀರುತ್ತಿದ್ದವರು ತಿರುಗಿಯೂ ನೋಡಲಿಲ್ಲ.

ಮಗಳು ಕಾಣೆಯಾಗಿ ಮುಕ್ಕಾಲು ಗಂಟೆ. ಆರು ವರ್ಷದ ಹುಡುಗಿ. ಗೋಡೆ ತುಂಬ ಅಮ್ಮ ಬಿಡಿಸಿದ ಚಿತ್ರಗಳು, ನೆಲ ತುಂಬ ಜನ. ಆ ನೂಕುನುಗ್ಗಲಿನಲ್ಲಿ ಆನೆ ಕಳೆದರೂ ಸಿಗುತ್ತಿರಲಿಲ್ಲ.

ಒಂದು ಚಿತ್ರದಲ್ಲಿ ಮೀಸೆ ಹೊತ್ತ ಹೆಂಗಸು ಮೊಲೆಯೂಡಿಸುತ್ತಿದ್ದಳು. ಇನ್ನೊಂದರಲ್ಲಿ ಗಂಡಸಿನ ಕೋಟು ತೊಟ್ಟಿಲಾಗಿ ತೂಗುತ್ತಿತ್ತು. ಅಪ್ಪನೂ ನಾನೇ, ಅಮ್ಮನೂ ನಾನೇ ಎಂದು ಒಂಟಿಯಾಗಿ ಹೆಣಗಿದ್ದನ್ನೆಲ್ಲ ಬಣ್ಣಕ್ಕೆ ಬಸಿದಿದ್ದಳು. ಹದಿನೆಂಟು ಚಿತ್ರಗಳಲ್ಲೂ ಮಗಳಿದ್ದಳು: ಬೀಜವಾಗಿ, ಕೆಂಡವಾಗಿ, ಸೀಳಿದ ಕಲ್ಲಾಗಿ. ತಾಯ್ತನವನ್ನು ಹೀಗೆ ಕಂಡವರು ಭೂಮಂಡಲದಲ್ಲೇ ಇಲ್ಲವೆಂದು ವಿಮರ್ಶಕ ಭಾಷಣ ಬಿಗಿದು ಹೂಗುಚ್ಛ ಚಾಚಿದ್ದ. ಅದನ್ನು ಹಿಡಿಯಲು ಎರಡು ಕೈ ಬೇಕಿತ್ತು. ಮಗಳ ಕೈ ಬಿಟ್ಟಿದ್ದಳು.

ಫೋಟೋ ತೋರಿಸಿ ಎಂದ ಕಾವಲುಗಾರ. ಫೋನಿನಲ್ಲಿ ಮಗಳ ಫೋಟೋ ಸಾವಿರವಿದ್ದವು: ಬೆನ್ನು, ಮುಷ್ಟಿ, ಪಾದ. ಚಿತ್ರಕ್ಕೆ ಬೇಕಾದಷ್ಟೇ.

"ಇದೇನಮ್ಮಾ, ಮಗೂನ ತುಂಡುತುಂಡು ಮಾಡಿ ಇಟ್ಕೊಂಡಿದೀರ." ಅವನು ಸಂದರ್ಶಕರ ಪುಸ್ತಕದಿಂದ ಹಾಳೆಯೊಂದನ್ನು ಹರಿದು ಪೆನ್ನು ಕೊಟ್ಟ. "ಇಷ್ಟು ದೊಡ್ಡ ಕಲಾವಿದರು. ಬರ್ಕೊಡಿ, ಹುಡುಕ್ತೀನಿ."

ಕಣ್ಣು ಮುಚ್ಚಿ ಕುದುರೆ ಬರೆದರೆ ಅದು ಕೆನೆಯಬೇಕು, ಅಂಥ ಕೈ ಅವಳದು. ಎರಡು ಜಡೆ ಬರೆಯಿತು. ಫ್ರಾಕಿನ ಕಾಲರು ಬರೆಯಿತು. ನಡುವೆ ಒಂದು ದುಂಡನೆಯ ಗೆರೆ ಎಳೆದು ನಿಂತುಬಿಟ್ಟಿತು. ಹುಬ್ಬು ಕೂಡಿದ್ದವೇ? ಮಚ್ಚೆ ಎಡಗೆನ್ನೆಯಲ್ಲೋ, ಬಲಗೆನ್ನೆಯಲ್ಲೋ? ಬೆಳಿಗ್ಗೆ ಜಡೆ ಹೆಣೆದದ್ದೂ ಬೆನ್ನ ಹಿಂದೆ ಕೂತು.

ವಿಮರ್ಶಕ ಅವಳ ಭುಜದ ಮೇಲಿಂದ ಬಗ್ಗಿದ. "ಅದ್ಭುತ. ಇನ್ನು ಮುಟ್ಬೇಡಿ, ಹಾಗೇ ಇರ್ಲಿ."

"ಮುಖ ಎಲ್ಲಮ್ಮಾ?" ಎಂದ ಕಾವಲುಗಾರ.

"ನೀನು ಹುಡುಕಪ್ಪಾ. ಕಂಡ್ರೆ ನಂಗೆ ಗೊತ್ತಾಗತ್ತೆ."

ಅವನು ಹಾಳೆ ಹಿಡಿದು ಜನರೊಳಗೆ ಇಳಿದ. ಬಾಗಿಲ ಬಳಿ, ಮೆಟ್ಟಿಲ ಬಳಿ, ಸಿಕ್ಕ ಸಿಕ್ಕ ಹುಡುಗಿಯರ ಕೆನ್ನೆಯ ಪಕ್ಕ ಅದನ್ನು ಎತ್ತಿ ಹಿಡಿದು ಅವಳತ್ತ ನೋಡುತ್ತಿದ್ದ. ಎಲ್ಲರಿಗೂ ಅದು ಸರಿಯಾಗಿ ಹೊಂದುತ್ತಿತ್ತು. ಅಲ್ಲವೆಂದು ತಲೆಯಾಡಿಸುವ ಮುನ್ನ, ಪ್ರತಿ ಸಲವೂ, ಅವಳು ಒಂದು ಕ್ಷಣ ತಡೆಯುತ್ತಿದ್ದಳು.