ಮೂರನೆಯ ಪತ್ರ

ನನ್ನ ಕೆಲಸ ಬೆಲೆ ಕೇಳುವುದು. ಕೊಳ್ಳುವುದಲ್ಲ, ಬರೀ ಕೇಳುವುದು. ಅಂಕಿಅಂಶ ಇಲಾಖೆಯವರು ಕೊಟ್ಟ ಪಟ್ಟಿ ಹಿಡಿದು ತಿಂಗಳಿಗೊಮ್ಮೆ ಅವವೇ ಅಂಗಡಿಗಳಿಗೆ ಹೋಗಿ, ಅದದೇ ಸಾಮಾನು ತೋರಿಸಿ, ಇವತ್ತು ಇದಕ್ಕೆಷ್ಟು ಎಂದು ಕೇಳಿ ಬರೆದುಕೊಳ್ಳಬೇಕು. ಮೊಟ್ಟೆ, ಮಕ್ಕಳ ಚಪ್ಪಲಿ, ಎರಡಿಂಚಿನ ಮೊಳೆ, ಕನ್ನಡಕದ ಗಾಜು. ಹಣದುಬ್ಬರ ಶೇಕಡಾ ಇಷ್ಟು ಎಂದು ಟೈ ಕಟ್ಟಿಕೊಂಡವರು ಟೀವಿಯಲ್ಲಿ ಹೇಳುತ್ತಾರಲ್ಲ, ಆ ಸಂಖ್ಯೆಯ ಬುಡದಲ್ಲಿ ನನ್ನ ಸವೆದ ಹಿಮ್ಮಡಿ ಇದೆ. ಹದಿನೇಳು ವರ್ಷದಿಂದ ಅಂಗಡಿಯವರ ಬಾಯಲ್ಲಿ ನಾನು ‘ರೇಟ್ ಮೇಡಂ’. ಹೊಸಬರಾದರೆ ದಾಳಿ ಮಾಡಲು ಬಂದವಳೆಂದು ತಿಳಿದು ಬಿಲ್ ಪುಸ್ತಕ ಬಚ್ಚಿಡುತ್ತಾರೆ.

ನಲವತ್ತೊಂದನೆಯ ವಯಸ್ಸಿನಲ್ಲಿ ನನಗೆ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಬೇಕೆನಿಸಿತು ಎಂದರೆ ಅದು ಸುಳ್ಳು. ಅನಿಸಿದ್ದು ಇಪ್ಪತ್ಮೂರಕ್ಕೇ. ಆ ವರ್ಷ ಅಮ್ಮನಿಗೆ ಲಕ್ವ ಹೊಡೆಯಿತು, ಅರ್ಜಿ ಅರ್ಧ ತುಂಬಿ ನಿಂತಿತು. ಅಕ್ಕ ಮದುವೆಯಾಗಿ ದೂರದ ಊರಿನಲ್ಲಿದ್ದಳು, ನಾನು ಮನೆಯಲ್ಲಿದ್ದೆ, ಹಾಗಾಗಿ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಅಮ್ಮ ಹೋಗಿ ಈಗ ಒಂದೂವರೆ ವರ್ಷ. ಓದಲು ಹೋಗುವವರಿಗೆ ನಮ್ಮ ಇಲಾಖೆ ರಜೆ ಕೊಡುವುದು ನಲವತ್ತೆರಡು ತುಂಬುವ ತನಕ ಮಾತ್ರ. ಈ ವರ್ಷ ಸೀಟು ಸಿಕ್ಕಿದರೆ ಸಿಕ್ಕಿತು, ಇಲ್ಲವಾದರೆ ನಿವೃತ್ತಿಯವರೆಗೂ ಮೊಳೆಗೆಷ್ಟು ಎಂದು ಕೇಳಿಕೊಂಡಿರುವುದೇ.

“ಈ ವಯಸ್ಸಲ್ಲಿ ಓದಿ ಏನ್ ಗುಡ್ಡೆ ಹಾಕ್ತೀಯ?” ಎಂದು ಅಕ್ಕ ಫೋನಿನಲ್ಲಿ ಕೇಳಿದಳು.

“ನೀನು ಹಾಕಿರೋ ಗುಡ್ಡೆ ಪಕ್ಕದಲ್ಲೇ ಒಂದು ಸಣ್ಣದು ಹಾಕ್ತೀನಿ ಬಿಡು,” ಎಂದೆ.

ನನ್ನ ನಾಲಿಗೆ ಹಾಗೆಯೇ, ಮೊದಲು ಓಡುತ್ತದೆ, ಆಮೇಲೆ ಪೇಚಾಡುತ್ತದೆ. ಅಕ್ಕ ಫೋನಿಟ್ಟಳು. ಅವತ್ತಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಏಕವಚನದಲ್ಲಿ ಕರೆಯಲು ಉಳಿದಿದ್ದವಳು ಅವಳೊಬ್ಬಳೇ.

ಅಮ್ಮನ ಮಂಚ ತೆಗೆಸಿದ ಜಾಗದಲ್ಲಿ ಮೇಜು ಹಾಕಿಕೊಂಡು ಅರ್ಜಿ ತುಂಬಲು ಕೂತೆ. ಸಂಶೋಧನಾ ಪ್ರಸ್ತಾವನೆ ನನಗೆ ಕಷ್ಟವಾಗಲಿಲ್ಲ, ಎಷ್ಟೋ ವರ್ಷದಿಂದ ತಲೆಯಲ್ಲೇ ಬರೆದಿಟ್ಟಿದ್ದೆ. ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಅಂಗಡಿ ಮುಚ್ಚಿದ್ದರೆ, ಎರಡು ಮೂರು ಸಲ ಹೋದರೂ ತೆರೆಯದಿದ್ದರೆ, ಹಿಂದಿನ ತಿಂಗಳ ಬೆಲೆಯನ್ನೇ ಈ ತಿಂಗಳಿಗೂ ಬರೆಯಬೇಕು. ಅಂಗಡಿಯೇ ಇಲ್ಲ, ಬೆಲೆ ಮಾತ್ರ ಬದುಕಿರುತ್ತದೆ. ಇಂಥ ಬೆಲೆಗಳು ಸೇರಿ ಸೇರಿ ದೇಶದ ಲೆಕ್ಕ ಎಷ್ಟು ದಾರಿ ತಪ್ಪುತ್ತದೆ ಎಂಬುದೇ ನನ್ನ ಪ್ರಶ್ನೆ. ಒಂಬತ್ತು ಪುಟ ಬರೆದೆ. ಬರೆದು ಮುಗಿಸಿದಾಗ ಓದಿ ಹೇಳಲು ಮನೆಯಲ್ಲಿ ಒಂದು ಜೀವವೂ ಇರಲಿಲ್ಲ, ನಾನೇ ಗಟ್ಟಿಯಾಗಿ ಓದಿ ನಾನೇ ಚೆನ್ನಾಗಿದೆ ಎಂದುಕೊಂಡೆ.

ತಲೆನೋವು ಶುರುವಾದದ್ದು ಶಿಫಾರಸು ಪತ್ರಗಳಲ್ಲಿ. ಅರ್ಜಿದಾರರ ಕೆಲಸ ಬಲ್ಲ ಮೂವರು ನೇರವಾಗಿ ವಿಶ್ವವಿದ್ಯಾಲಯಕ್ಕೆ ಪತ್ರ ಕಳಿಸಬೇಕು. ಮೂರೂ ಬಾರದಿದ್ದರೆ ಅರ್ಜಿಯನ್ನು ತೆರೆದೂ ನೋಡುವುದಿಲ್ಲ. ನಮ್ಮ ಸಾಹೇಬರನ್ನು ಕೇಳಿದೆ. “ನೀವೇ ಬರ್ಕೊಂಡ್ಬನ್ನಿ, ಕಳಿಸ್ತೀನಿ,” ಎಂದರು. ನನ್ನನ್ನು ನಾನೇ ಹೊಗಳಿಕೊಂಡು ಒಂದು ಪುಟ ಬರೆದು ಕೊಟ್ಟೆ. ‘ಅತ್ಯಂತ ಶ್ರದ್ಧೆ’ ಎಂಬಲ್ಲಿ ‘ಅತ್ಯಂತ’ವನ್ನು ಹೊಡೆದುಹಾಕಿ ಕಳಿಸಿದರು. ಎರಡನೆಯವರು ಈಚೆಗೆ ನಾನು ಸೇರಿದ್ದ ಸಂಜೆ ತರಗತಿಯಲ್ಲಿ ನನಗೆ ಗಣಿತ ಕಲಿಸಿದ ಉಪನ್ಯಾಸಕರು, ನನಗಿಂತ ಹತ್ತು ವರ್ಷ ಚಿಕ್ಕವರು, ಅವತ್ತೇ ಕಳಿಸಿದರು. ಮೂರನೆಯದಕ್ಕೆ ಎಂ.ಎ.ಯಲ್ಲಿ ನನ್ನ ಮೇಷ್ಟ್ರಾಗಿದ್ದವರ ಹೆಸರು ಹಾಕಿದೆ. ಹಳೆಯ ಡೈರಿಯಿಂದ ಅವರ ಮೇಲ್ ವಿಳಾಸ ನೋಡಿ ಬರೆದೆ. ಬೇರೆ ಯಾರಾಗಿದ್ದರೂ ಮೊದಲು ಒಂದು ಫೋನ್ ಮಾಡಿ ಹೇಗಿದ್ದೀರಿ ಎನ್ನುತ್ತಿದ್ದರು. ನನ್ನ ಕೈಗೆ ಅಭ್ಯಾಸವಾಗಿರುವುದು ಹಿಂದಿನದನ್ನು ಮುಂದಕ್ಕೆ ಬರೆಯುವುದು. ಹದಿನೆಂಟು ವರ್ಷ ಹಿಂದಿನದನ್ನು ಹಾಗೇ ಬರೆದುಬಿಟ್ಟೆ.

ಮೊದಲೆರಡು ಪತ್ರಗಳ ಎದುರು ‘ತಲುಪಿದೆ’ ಎಂದು ಬಂತು. ಮೂರನೆಯದರ ಎದುರು ‘ಬಂದಿಲ್ಲ’. ದಿನಕ್ಕೆ ಹತ್ತು ಸಲ ನೋಡಿದರೂ ‘ಬಂದಿಲ್ಲ’. ಕೊನೆಯ ದಿನಕ್ಕೆ ಒಂದು ವಾರ ಉಳಿದಾಗ, ಭಾನುವಾರ ಬೆಳಗ್ಗೆ, ಎರಡು ಬಸ್ಸು ಬದಲಾಯಿಸಿ ಮೇಷ್ಟ್ರ ಮನೆಗೇ ಹೋದೆ.

ಬಾಗಿಲು ತೆರೆದವರು ಅವರ ಹೆಂಡತಿ. ಮೇಷ್ಟ್ರಿದ್ದಾರಾ ಎಂದು ಕೇಳಿದೆ.

“ಅವರು ಹೋಗಿ ನಾಲ್ಕು ವರ್ಷ ಆಯ್ತಲ್ಲಮ್ಮ,” ಎಂದರು.

ನನಗೆ ನಿಂತಲ್ಲೇ ನೆಲ ಬಿರಿದರೆ ಸಾಕೆನಿಸಿತು. ಬದುಕಿದ್ದಾಗ ಒಂದು ದಿನವೂ ಹೋಗಿ ಮಾತಾಡಿಸದವಳು, ಸತ್ತ ಮೇಲೆ ಕೆಲಸವಿಟ್ಟುಕೊಂಡು ಬಂದಿದ್ದೆ. ಆಕೆ ಮಾತ್ರ ಏನೂ ಅಂದುಕೊಳ್ಳದೆ ಒಳಗೆ ಕರೆದು ಕೂರಿಸಿ, ಬಂದ ಕೆಲಸ ಕೇಳಿದರು. ಹೆಸರು ಹೇಳಿ ವಿಷಯ ತಿಳಿಸಿದೆ. ಕೋಣೆಯಲ್ಲಿ ಮೇಷ್ಟ್ರ ಕಂಪ್ಯೂಟರಿನ ಮೇಲೆ ಧೂಳಿರಲಿಲ್ಲ.

“ಅವರ ಮೇಲ್ ದಿನಾ ನಾನೇ ತೆಗೀತೀನಿ. ಸೆಮಿನಾರಿಗೆ ಬನ್ನಿ ಅಂತ ಈಗ್ಲೂ ಬರೀತಾರೆ. ಆರೋಗ್ಯ ಸರಿಯಿಲ್ಲ, ಕ್ಷಮಿಸಿ ಅಂತ ಹಾಕ್ತೀನಿ,” ಎಂದರು. “ನಿಮ್ಮದೂ ಬಂದಿತ್ತು. ಅದೇನೋ ಪತ್ರ ಕೇಳಿದ್ರಿ, ತಿಳೀದೆ ಸುಮ್ನಿದ್ದೆ.”

ನನ್ನ ಹೆಸರು ಹಾಕಿ ಹುಡುಕಿದಾಗ ಹಳೆಯ ಕಡತದಲ್ಲಿ ಒಂದು ಪತ್ರ ಸಿಕ್ಕಿತು. ನನ್ನ ಇಪ್ಪತ್ಮೂರನೆಯ ವಯಸ್ಸಿನಲ್ಲಿ, ನಾನು ಕಳಿಸದೇ ಉಳಿದ ಆ ಅರ್ಜಿಗೆಂದು, ಮೇಷ್ಟ್ರು ಬರೆದಿಟ್ಟದ್ದು. ಆಕೆ ಕನ್ನಡಕ ಸರಿ ಮಾಡಿಕೊಂಡು ಓದಿದರು. ಇವಳು ಪಾಠ ಕೇಳುವಾಗ ನನಗೆ ಇನ್ನಷ್ಟು ಓದಿಕೊಂಡು ಬರಬೇಕಿತ್ತು ಅನಿಸುತ್ತದೆ, ಎಂದು ಬರೆದಿದ್ದರು. ತರಗತಿಯಲ್ಲಿ ನನ್ನನ್ನು ಒಂದು ದಿನವೂ ಭೇಷ್ ಎನ್ನದ ಮನುಷ್ಯ.

“ತಾರೀಖು ಒಂದು ಬದಲಾಯಿಸಿ ಕಳಿಸಿಬಿಡೋಣ. ಅವರದೇ ಮಾತು ತಾನೇ, ಯಾರಿಗೆ ಗೊತ್ತಾಗುತ್ತೆ?” ಎಂದರು ಆಕೆ, ನಿಜವಾದ ಅಕ್ಕರೆಯಿಂದ.

ಆಸೆಯಾಗಲಿಲ್ಲ ಎಂದರೆ ನನ್ನ ಬಾಯಿಗೆ ಹುಳ ಬೀಳಲಿ. ಕೈ ಅರ್ಧ ಮುಂದಕ್ಕೂ ಹೋಗಿತ್ತು. ಆದರೆ ಆ ಪತ್ರದಲ್ಲಿದ್ದ ಹುಡುಗಿ ನಾನಲ್ಲ. ಅವಳಿಗೆ ಎಲ್ಲದಕ್ಕೂ ಸಮಯವಿತ್ತು, ಮನೆಗೆ ಹೋದರೆ ಬಾಗಿಲು ತೆಗೆಯುವವರಿದ್ದರು. ಮೇಷ್ಟ್ರು ಹೊಗಳಿದ್ದು ಅವಳನ್ನು. ಈ ನಡುವಿನ ಹದಿನೆಂಟು ವರ್ಷ ಅವರು ನನ್ನನ್ನು ಕಂಡವರೇ ಅಲ್ಲ. ಸತ್ತವರ ಕೈಯಲ್ಲಿ ಸಹಿ ಹಾಕಿಸಿ ಸುಳ್ಳು ಬೆಲೆಯ ಬಗ್ಗೆ ಪಿಎಚ್‌ಡಿ ಮಾಡುವುದಕ್ಕಿಂತ ಮೊಳೆ ಲೆಕ್ಕ ಹಾಕುವುದೇ ವಾಸಿ ಎಂದುಕೊಂಡು, ಬೇಡ ಅಮ್ಮಾ ಎಂದೆ. ಪತ್ರದ ಒಂದು ಪ್ರತಿ ಮಾತ್ರ ಕೇಳಿ ತೆಗೆದುಕೊಂಡೆ.

ಸೋಮವಾರ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದೆ. ಅಲ್ಲಿನ ಗುಮಾಸ್ತೆ, “ಹೆಸರು ಬದಲಾಯಿಸಬಹುದು ಮೇಡಂ. ಪ್ರೊಫೆಸರೇ ಆಗಬೇಕು ಅಂತೇನಿಲ್ಲ. ಮೂರು ವರ್ಷಕ್ಕಿಂತ ಹೆಚ್ಚು ನಿಮ್ಮ ಕೆಲಸ ಕಣ್ಣಾರೆ ನೋಡಿರೋರು ಯಾರಾದ್ರೂ ಸರಿ. ಶುಕ್ರವಾರ ಐದು ಗಂಟೆ ಒಳಗೆ,” ಎಂದಳು.

ಕಣ್ಣಾರೆ ನೋಡಿದವರು. ಯಾರಿದ್ದಾರೆ? ನಮ್ಮ ಇಲಾಖೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಾರಿ, ತಿಂಗಳ ಮೊದಲ ದಿನ ಕಾಗದ ಒಪ್ಪಿಸುವಾಗ ಮುಖ ನೋಡಿಕೊಂಡರೆ ಉಂಟು. ಬಸ್ಸಿನಲ್ಲಿ ಕೂತು ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿನಿಂದ ಕೆಳಗೆ ಸರಿಸಿದೆ. ಮೊಟ್ಟೆ ಅಂಗಡಿ. ಚಪ್ಪಲಿ ಎರಡು. ಕನ್ನಡಕ ಮೂಲೆ. ಗ್ಯಾಸ್. ಇನ್ನೂರಕ್ಕೂ ಮೇಲೆ ಹೆಸರುಗಳಿದ್ದವು, ಅದರಲ್ಲಿ ಮನುಷ್ಯರ ಹೆಸರು ಐದೋ ಆರೋ. ಹದಿನೇಳು ವರ್ಷ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದವಳನ್ನು ನೋಡಿದವರು ಒಬ್ಬರೂ ಇಲ್ಲವೆಂಬುದು ಆ ಬಸ್ಸಿನಲ್ಲಿ ನನಗೆ ಮೊದಲ ಸಲ ಸರಿಯಾಗಿ ತಿಳಿಯಿತು. ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು ಚೀಲ ಎತ್ತಿಕೊಂಡು ಬೇರೆ ಸೀಟಿಗೆ ಹೋದಳು.

ಅವತ್ತಿನ ಪಟ್ಟಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯಿತ್ತು. ಅದರ ಯಜಮಾನರಿಗೆ ಅರವತ್ತು ದಾಟಿದೆ, ಅಂಗಡಿಯ ಮೇಲೆಯೇ ಮನೆ. ಪ್ರತಿ ತಿಂಗಳೂ ಮೊದಲು ಬೇಕೆಂದೇ ತಪ್ಪು ಬೆಲೆ ಹೇಳಿ, ನಾನು ಬಿಲ್ ಕೇಳುವುದನ್ನೇ ಕಾಯುತ್ತಾರೆ. ಬೆಲೆಗಳನ್ನೆಲ್ಲ ಬರೆದುಕೊಂಡ ಮೇಲೆ, ನಾಚಿಕೆ ಬಿಟ್ಟು, ವಿಷಯ ಹೇಳಿದೆ.

“ಇದೇನು, ನಿಮ್ಮನ್ನ ಜಾಮೀನು ಕೊಟ್ಟು ಬಿಡಿಸ್ಕೊಳ್ಳೋದಾ?” ಎಂದರು.

“ಹೆಚ್ಚುಕಮ್ಮಿ ಹಾಗೇ.”

ಅರ್ಜಿಯಲ್ಲಿ ಮೇಷ್ಟ್ರ ಹೆಸರು ತೆಗೆದು ಅವರದು ಹಾಕಿದೆ. ಅಂಗಡಿಯ ಕಂಪ್ಯೂಟರ್ ತಮ್ಮ ಕಡೆ ತಿರುಗಿಸಿಕೊಂಡು, ವಿಶ್ವವಿದ್ಯಾಲಯದಿಂದ ಬಂದ ನಮೂನೆ ತೆರೆದರು. ಮೊದಲ ಸಾಲಿನಲ್ಲೇ ನಿಂತರು.

“ಮೇಡಂ, ನಿಮ್ಮ ಹೆಸರೇನು?”

ಹೇಳಿದೆ. “ಚೆನ್ನಾಗಿದೆ,” ಎಂದು ಒಂದೇ ಬೆರಳಲ್ಲಿ ಕುಟ್ಟಿದರು. ಮುಂದಿನ ಪ್ರಶ್ನೆ, ಇದೇ ಕ್ಷೇತ್ರದಲ್ಲಿ ನೀವು ಬಲ್ಲ ಇತರರಿಗೆ ಹೋಲಿಸಿದರೆ ಅರ್ಜಿದಾರರ ಸ್ಥಾನವೆಲ್ಲಿ ಎಂದಿತ್ತು. “ನಂಗೆ ಗೊತ್ತಿರೋ ರೇಟ್ ಮೇಡಂ ನೀವೊಬ್ರೇ. ಮೊದಲನೇ ಸ್ಥಾನ ಹಾಕ್ಲೋ, ಕೊನೇದು ಹಾಕ್ಲೋ?” ಎಂದು ಕನ್ನಡಕದ ಮೇಲಿಂದ ನೋಡಿದರು. ಆಮೇಲೆ, “ಗುಟ್ಟಾಗಿ ಬರೀಬೇಕು ಅಂತ ಹಾಕಿದಾರೆ. ಹೊರಗೆ ನಿಂತ್ಕೊಳ್ಳಿ,” ಎಂದು ನನ್ನನ್ನು ಆಚೆ ಅಟ್ಟಿದರು.

ಮುಕ್ಕಾಲು ಗಂಟೆ ಬಕೆಟ್ಟುಗಳ ಪಕ್ಕ ನಿಂತಿದ್ದೆ. ಯಾರೋ ಬಂದು ಬೀಗ ಎಷ್ಟು ಎಂದರು, ಹೇಳಿದೆ. ಇನ್ನೊಬ್ಬರು ಕೊಳಾಯಿ ತಿರುಪು ಕೇಳಿದರು, ಅದಕ್ಕೂ ಹೇಳಿದೆ. ಒಳಗಿನಿಂದ ಟಕ್, ಟಕ್ ಎಂದು ಕುಟ್ಟುವ ಸದ್ದು ಕೇಳುತ್ತಲೇ ಇತ್ತು. ಸಂಜೆ ನೋಡಿದಾಗ ಮೂರರ ಎದುರೂ ‘ತಲುಪಿದೆ’ ಎಂದಿತ್ತು.

ಸಂದರ್ಶನಕ್ಕೆ ಕರೆ ಬಂದದ್ದು ಮೂರು ವಾರದ ಮೇಲೆ. ಮೂರನೆಯ ಮಹಡಿಯ ಕೋಣೆ, ಉದ್ದ ಮೇಜು, ಆಚೆ ವಿಭಾಗದ ಮುಖ್ಯಸ್ಥೆ ಮತ್ತು ಒಬ್ಬ ಯುವ ಪ್ರಾಧ್ಯಾಪಕರು. ಹೊರಗೆ ಕಾಯುತ್ತಿದ್ದ ಮಕ್ಕಳೆಲ್ಲ ನನ್ನನ್ನು ಯಾರದೋ ತಾಯಿ ಎಂದುಕೊಂಡು ಕುರ್ಚಿ ಬಿಟ್ಟುಕೊಟ್ಟಿದ್ದರು. ಯುವ ಪ್ರಾಧ್ಯಾಪಕರು ಹಲಗೆಯ ಮೇಲೆ ಒಂದು ಲೆಕ್ಕ ಕೊಟ್ಟರು. ತಡಬಡಿಸಿ ಮುಗಿಸಿದೆ. “ಇಷ್ಟು ವರ್ಷ ಓದು ಬಿಟ್ಟಿದೀರಲ್ಲ, ನಿಭಾಯಿಸ್ತೀರಾ?” ಎಂದರು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು, ನಿಭಾಯಿಸುತ್ತೇನೆ ಎಂದೆ. ಅವರು ಗಡಿಯಾರ ನೋಡಿದರು. ಮುಗಿಯಿತು ನನ್ನ ಕತೆ ಎಂದುಕೊಂಡೆ.

ಅಷ್ಟರಲ್ಲಿ ಮುಖ್ಯಸ್ಥೆ ಒಂದು ಹಾಳೆ ಎತ್ತಿಕೊಂಡರು. “ಇದನ್ನ ನಿಮ್ಮೆದುರು ಓದಬಾರದು. ಒಂದು ಪ್ರಶ್ನೆ ಕೇಳೋದಿದೆ, ಅದಕ್ಕಾಗಿ ಓದ್ತೀನಿ,” ಎಂದರು.

‘ಈ ಮೇಡಂ ನಾನು ಹೇಳಿದ ಬೆಲೆಯನ್ನು ಹದಿನೇಳು ವರ್ಷದಲ್ಲಿ ಒಂದು ಸಲವೂ ನಂಬಿಲ್ಲ. ಬಿಲ್ ತೋರಿಸಿ ಅನ್ನುತ್ತಾರೆ. ನನ್ನ ಹೆಂಡತಿ ತೀರಿಕೊಂಡ ತಿಂಗಳು ಅಂಗಡಿ ಮುಚ್ಚಿತ್ತು. ಇವರು ಮೂರು ದಿನ ಬಂದರು. ಎರಡು ದಿನ ಬಾಗಿಲು ತಟ್ಟಿದರು. ಮೂರನೇ ದಿನ ಪಕ್ಕದ ಅಂಗಡಿಯವರು ವಿಷಯ ಹೇಳಿರಬೇಕು, ತಟ್ಟಲಿಲ್ಲ. ಬಿಸಿಲಲ್ಲಿ ಸುಮಾರು ಹೊತ್ತು ನಿಂತಿದ್ದು ಹೋದರು. ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ, ಇಳಿದು ಬರಲು ಆಗಲಿಲ್ಲ. ಬೇರೆ ಯಾರೂ ಹಾಗೆ ಬಂದು ನಿಂತಿರಲಿಲ್ಲ.’

ಹಾಳೆ ಕೆಳಗಿಟ್ಟರು. ನನಗೆ ಮೇಜಿನ ಅಂಚು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

“ಆ ತಿಂಗಳು ಆ ಅಂಗಡಿ ಬೆಲೆ ಏನಂತ ಬರೆದ್ರಿ?” ಎಂದು ಕೇಳಿದರು.

ಖಾಲಿ ಬಿಟ್ಟೆ ಎಂದು ಹೇಳಿದ್ದರೆ ನನ್ನ ಒಂಬತ್ತು ಪುಟಕ್ಕೆ ಕಿರೀಟವಿಟ್ಟ ಹಾಗಾಗುತ್ತಿತ್ತು. ಹಳೆಯ ಕಾಗದ ಯಾರೂ ತೆಗೆದು ನೋಡುತ್ತಿರಲಿಲ್ಲ.

“ಹಿಂದಿನ ತಿಂಗಳದ್ದೇ ಬರೆದೆ,” ಎಂದೆ. “ಖಾಲಿ ಬಿಟ್ರೆ ಮೆಮೊ ಕೊಡ್ತಾರೆ, ಹೆದರಿದೆ. ಪಕ್ಕದಲ್ಲಿ ಷರಾ ಅಂತ ಒಂದು ಕಾಲಂ ಇರುತ್ತೆ. ಅದರಲ್ಲಿ, ಬದಲಾವಣೆ ಇಲ್ಲ, ಅಂತ ಬರೆದೆ. ಒಳಗೆ ಅವರ ಹೆಂಡತಿ ತೀರಿಕೊಂಡಿದ್ರು. ನಾನು ಹೊರಗೆ ನಿಂತು, ಬದಲಾವಣೆ ಇಲ್ಲ, ಅಂತ ಬರೆದು ಸಹಿ ಹಾಕಿದೆ.”

ಯುವ ಪ್ರಾಧ್ಯಾಪಕರು ಈಗ ಗಡಿಯಾರ ನೋಡುತ್ತಿರಲಿಲ್ಲ.

“ಇದು ಪ್ರಸ್ತಾವನೆಲಿ ಯಾಕಿಲ್ಲ?” ಎಂದರು ಮುಖ್ಯಸ್ಥೆ.

“ನನ್ನ ಕತೆ ಯಾರಿಗೆ ಬೇಕು ಅಂತ ಬಿಟ್ಟೆ.”

ಆಕೆ ಏನೋ ಬರೆದುಕೊಂಡು, ಪಕ್ಕದವರ ಕಡೆ ನೋಡಿದರು. ಅವರು ತಲೆಯಾಡಿಸಿದರು. “ಕಚೇರಿ ಪತ್ರ ಕೈಗೆ ಬರೋಕೆ ಎರಡು ವಾರ ಆಗುತ್ತೆ. ರಜೆಗೆ ಈಗ್ಲೇ ಅರ್ಜಿ ಹಾಕಿಡಿ. ಬರುವಾಗ ಈ ಪುಟ ಬರ್ಕೊಂಡು ಬನ್ನಿ,” ಎಂದರು.

ಮೂರು ಮಹಡಿ ಹೇಗೆ ಇಳಿದೆನೋ ಗೊತ್ತಿಲ್ಲ. ಕೆಳಗಿನ ಬಾಗಿಲಿನ ಹತ್ತಿರ ಬಂದಾಗ ಕಣ್ಣೀರು ತಡೆಯಲಾಗಲಿಲ್ಲ. ಅಲ್ಲಿ ಕೂತಿದ್ದ ಕಾವಲುಗಾರ ಎದ್ದು ನಿಂತ.

“ಆಗ್ಲಿಲ್ವಾ ಮೇಡಂ?”

“ಆಯ್ತು. ಸಿಕ್ತು.”

“ಮತ್ತೆ ಅಳೋದ್ಯಾಕೆ? ಮೊದ್ಲು ಮನೆಗೆ ಫೋನ್ ಮಾಡಿ. ಪಾಪ, ಕಾಯ್ತಾ ಇರ್ತಾರೆ.” ತನ್ನ ಕುರ್ಚಿಯನ್ನು ನನ್ನ ಕಡೆ ಸರಿಸಿದ. ಮಾಡುವ ತನಕ ಬಿಡುವವನಂತೆ ಕಾಣಲಿಲ್ಲ.

ಕಬ್ಬಿಣದಂಗಡಿಯವರಿಗೆ ಇದು ಫೋನಿನಲ್ಲಿ ಹೇಳುವ ಮಾತಲ್ಲ, ಎದುರು ನಿಂತು ಹೇಳಬೇಕು. ಅಕ್ಕನ ಹೆಸರಿನ ಮೇಲೆ ಬೆರಳಿಟ್ಟು, ಒತ್ತಲಾರದೆ ತೆಗೆದೆ. ಕಾವಲುಗಾರ ಮುಖವರಳಿಸಿಕೊಂಡು ನೋಡುತ್ತಲೇ ಇದ್ದ. ಯಾರಿಗೂ ಹಚ್ಚದ ಫೋನನ್ನು ಕಿವಿಗಿಟ್ಟುಕೊಂಡು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ, “ಸಿಕ್ತು ಕಣೇ,” ಎಂದೆ. ಆಮೇಲೆ, ಆ ಕಡೆಯವರು ಮಾತಾಡಿ ಮುಗಿಸುವಷ್ಟು ಹೊತ್ತು ಸುಮ್ಮನೆ ಕೂತಿದ್ದೆ.