ಮಾವನ ಕೈಗುಣ

ಮಾವನ ಬಲಗೈಯಲ್ಲಿ ಐದು ಚಿನ್ನದ ಉಂಗುರಗಳಿದ್ದವು. ಬೆರಳುಗಳು ಐದೇ ಇದ್ದದ್ದರಿಂದ ಅಷ್ಟಕ್ಕೆ ನಿಂತಿತ್ತು, ಆರನೆಯದೊಂದು ಇದ್ದಿದ್ದರೆ ಅದನ್ನೂ ಅವರು ಬರಿದಾಗಿ ಬಿಡುತ್ತಿರಲಿಲ್ಲ. ಅದಿರು ಹುಡುಕುವ ಕಂಪನಿ ಅವರದು. ಭೂವಿಜ್ಞಾನ ಓದಿದ ಸೊಸೆ ಮನೆಗೆ ಬಂದಾಗ, ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತು ಎಂದು ಊರೆಲ್ಲ ಹೇಳಿಕೊಂಡು ಬಂದವರು ಅವರೇ. ಅವರ ಮಗ, ಅಂದರೆ ಅವಳ ಗಂಡ, ಪಟ್ಟಣದ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದ. ಸೊಸೆ ಮಾತ್ರ, ರಸ್ತೆ ಮುಗಿದ ಮೇಲೂ ಜೀಪು ಅರ್ಧ ದಿನ ಕುಲುಕಾಡಿ ತಲುಪುವ ಗುಡ್ಡಗಳ ನಡುವೆ ಡೇರೆ ಹಾಕಿಕೊಂಡು ಕಲ್ಲು ಒಡೆಯುತ್ತಿದ್ದಳು. ಗಂಡನಿಗೆ ಅವಳು ವಾರಕ್ಕೊಮ್ಮೆ ನೆನಪಾಗುತ್ತಿದ್ದಳು, ಮಾವನಿಗೆ ದಿನಾ.

ಅವಳ ಡೇರೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮಣ್ಣು ಜರಡಿ ಹಿಡಿಯುವವರು ಮೊದಲು ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಡಬ್ಬಿಗೆ ಹಾಕಬೇಕು. ಲ್ಯಾಬಿನ ಯಂತ್ರದ ಮೂಗು ಬಹಳ ಚುರುಕು. ಉಂಗುರವೊಂದು ಜರಡಿಯ ತಂತಿಗೆ ನಾಲ್ಕು ಸಲ ಉಜ್ಜಿದರೆ ಸಾಕು, ಈ ಮಣ್ಣಿನಲ್ಲಿ ಚಿನ್ನವಿದೆ ಎಂದು ಬೊಬ್ಬೆ ಹಾಕಿಬಿಡುತ್ತದೆ. ಅವಳು ತನ್ನ ಉಂಗುರ ಬಿಚ್ಚಿಟ್ಟಿದ್ದಳು. ನೆಲ ಕೊರೆಯುವ ಯಂತ್ರ ರಿಗ್ ಓಡಿಸುವ ಡ್ರಿಲ್ಲರ್, ಎಲ್ಲರ ಬಾಯಲ್ಲೂ ‘ಬೈರಿಗೆ’, ಕೊರಳ ಸರ ಬಿಚ್ಚಿಟ್ಟಿದ್ದ. ಅಡುಗೆಯವನ ಬಳಿ ಚಿನ್ನವೇ ಇರಲಿಲ್ಲ, ಆದರೂ ಅವನು ಮರ್ಯಾದೆಗೆಂದು ಕೈಗಡಿಯಾರ ಬಿಚ್ಚಿಟ್ಟಿದ್ದ.

ಅಂಥ ಕಡೆಗೆ ಒಂದು ಬೆಳಿಗ್ಗೆ ಮಾವ ಬಂದಿಳಿದರು. ಬಂದವರೇ, ಎಲ್ಲರೂ ಮಣ್ಣು ಜರಡಿ ಹಿಡಿಯುತ್ತಿದ್ದ ಬೋಳುಗುಡ್ಡ ಹತ್ತಿ, ತೋಳು ಮಡಚಿ ಜರಡಿ ಕಿತ್ತುಕೊಂಡರು.

“ಬಿಡಿ ಬಿಡಿ. ಈ ಕೈಗುಣ ಏನು ಅಂತ ನಿಮಗೆ ಗೊತ್ತಿಲ್ಲ.”

ಐದು ಉಂಗುರಗಳೂ ತಂತಿಯ ಮೇಲೆ ಕರಕರ ಎಂದವು. ಸೊಸೆಯ ಬಾಯಿ ತೆರೆಯಿತು, ಮತ್ತೆ ಮುಚ್ಚಿತು. ಬೈರಿಗೆ ಅವಳ ಮುಖ ನೋಡಿದ, ಅವಳು ಅಡುಗೆಯವನ ಮುಖ ನೋಡಿದಳು, ಅಡುಗೆಯವನು ಆಕಾಶ ನೋಡಿದ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ಮಾವ ಜರಡಿ ಹಿಡಿದು ತುಂಬಿದ ಮಣ್ಣಿನ ಚೀಲಗಳನ್ನು ಆಮೇಲೆ ಸದ್ದಿಲ್ಲದೆ ಎಸೆದರಾಯಿತು ಎಂದುಕೊಂಡು ಅವಳು ಸುಮ್ಮನಾದಳು. ಆದರೆ ಮಾವ ತಮ್ಮ ಚೀಲಗಳನ್ನು ತಾವೇ ಹೊತ್ತು ಜೀಪಿಗೆ ಹಾಕಿಕೊಂಡು, ತಾವೇ ಲ್ಯಾಬಿಗೆ ಕೊಟ್ಟು ಮನೆಗೆ ಹೋದರು.

ಕೆಲವು ದಿನಗಳ ಮೇಲೆ ಅವರು ತಿರುಗಿ ಬಂದಾಗ ಜೀಪು ನಿಲ್ಲುವ ಮೊದಲೇ ಕೂಗು ಕೇಳಿಸಿತು. “ಚಿನ್ನ! ಬೋಳುಗುಡ್ಡದ ತುಂಬ ಚಿನ್ನ! ನಾಳೇನೇ ರಿಗ್ ಅಲ್ಲಿಗೆ ಸಾಗಿಸಿ!”

ರಿಗ್ ಇದ್ದದ್ದು ಒಂದೇ, ಅದು ನಿಂತಿದ್ದದ್ದು ಕಿಲುಬುಗುಡ್ಡದ ಮೇಲೆ. ಹಳೆಯ ತಾಮ್ರದ ಪಾತ್ರೆಗೆ ಹಿಡಿಯುವಂಥ ಹಸಿರು ಕಿಲುಬು ಆ ಗುಡ್ಡದ ಬಂಡೆಗಳಿಗೂ ಹಿಡಿದಿತ್ತು. ಕೆಳಗೆ ತಾಮ್ರದ ಅದಿರಿದೆ ಎಂದು ಅವಳು ಮದುವೆಗೆ ಮೊದಲಿನಿಂದಲೂ ನಂಬಿಕೊಂಡು ಬಂದಿದ್ದಳು, ನಿಜ ಹೇಳಬೇಕೆಂದರೆ ಗಂಡನಿಗಿಂತ ಹೆಚ್ಚಾಗಿ ನಂಬಿದ್ದಳು. ರಂಧ್ರ ಅರ್ಧಕ್ಕೆ ಇಳಿದಿತ್ತು. ಮಳೆ ಶುರುವಾದರೆ ದಾರಿ ಮುಚ್ಚುತ್ತದೆ, ದಾರಿ ತೆರೆಯುವ ಹೊತ್ತಿಗೆ ಆ ಗುಡ್ಡದ ಪರವಾನಗಿ ಮುಗಿದಿರುತ್ತದೆ. ಈಗ ರಿಗ್ ಎತ್ತಿದರೆ ಅವಳ ಗುಡ್ಡದ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆಗಲಾದರೂ ಹೇಳಬಹುದಿತ್ತು. ಆದರೆ ಮಾವನ ಮುಖದಲ್ಲಿ ಹೊಸ ಮದುಮಗನ ಕಳೆ ಇತ್ತು. ಬರೀ ಮಾತಿಗೆ ಅವರು ಬಗ್ಗುವವರೂ ಅಲ್ಲ.

“ಮಾವ, ಒಂದೇ ಒಂದು ಮಾತು. ಇನ್ನೊಂದು ಚೀಲ ಜರಡಿ ಹಿಡೀರಿ. ಎಲ್ಲಿಯ ಮಣ್ಣು ಅಂತ ಆಮೇಲೆ ಹೇಳ್ತೀನಿ. ಲ್ಯಾಬಿನವರ ಉತ್ತರ ಬರೋ ತನಕ ರಿಗ್ ಮುಟ್ಟೋದು ಬೇಡ.”

“ಪರೀಕ್ಷೆನಾ? ನನಗಾ?”

“ನಿಮಗಲ್ಲ, ಮಾವ. ಕೈಗುಣಕ್ಕೆ.”

ಕೈಗುಣ ಎಂದ ಕೂಡಲೇ ಅವರು ಉಬ್ಬಿಹೋದರು. ಮೊದಲಿಗಿಂತ ಹುರುಪಿನಿಂದ ಜರಡಿ ಆಡಿಸಿದರು. ಉತ್ತರ ಬರುವ ಮೊದಲೇ ರಿಗ್ ಬಿಚ್ಚಿ ಎಂದು ಮಾವ ಅವಸರ ಮಾಡಿದರೂ, ಬೈರಿಗೆ ಎರಡು ದಿನದ ಕೆಲಸವನ್ನು ಒಂದು ವಾರ ಎಳೆದ. ಇವತ್ತು ಬೋಲ್ಟು ಕಚ್ಚಿಕೊಂಡಿದೆ, ನಾಳೆ ಪಂಪು ಮುನಿಸಿಕೊಂಡಿದೆ ಎಂದು ದಿನಕ್ಕೊಂದು ನೆಪ ಹೇಳಿ ರಿಗ್ಗನ್ನು ನಿಂತಲ್ಲೇ ನಿಲ್ಲಿಸಿಕೊಂಡ.

ಉತ್ತರ ಬಂತು. ಮೊದಲಿನದಕ್ಕಿಂತಲೂ ಹೆಚ್ಚು ಚಿನ್ನ! ಮಾವ ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

“ಎಲ್ಲಿಯ ಮಣ್ಣು ಅದು? ಬೇಗ ಹೇಳು!”

“ಕಕ್ಕಸಿನ ಗೋಡೆ ಕಟ್ಟೋಕೆ ಲಾರಿಯಲ್ಲಿ ತರಿಸಿದ ಮರಳು, ಮಾವ.”

ಮಾವ ಒಂದು ಕ್ಷಣ ಯೋಚಿಸಿದರು. “ಹಾಗಾದ್ರೆ ಕಕ್ಕಸು ಒಡೆಸು!”

ಬೈರಿಗೆ ತಡೆಯಲಾರದೆ ಡೇರೆಯ ಹೊರಗೆ ಓಡಿ, ಬಗ್ಗಿ ಕೆಮ್ಮಿದಂತೆ ನಟಿಸಿದ. ಸೊಸೆ ನಗಲಿಲ್ಲ. ಮಾವನ ಕೈ ಹಿಡಿದು ಜರಡಿಯ ಮೇಲಿಟ್ಟು ಒಮ್ಮೆ ಎಳೆದಳು. ಕರಕರ ಎಂದಿತು. ತಂತಿಯ ಮೇಲೆ ಹಳದಿಯ ಸಣ್ಣ ಗೆರೆ ಉಳಿಯಿತು.

“ಚಿನ್ನ ಗುಡ್ಡದ್ದಲ್ಲ, ಮಾವ. ಕಕ್ಕಸಿನದ್ದೂ ಅಲ್ಲ. ನಿಮ್ಮ ಉಂಗುರದ್ದು.”

ಮಾವ ತಂತಿ ನೋಡಿದರು, ಕೈ ನೋಡಿಕೊಂಡರು. ಬಿದ್ದ ಕುರ್ಚಿಯನ್ನು ತಾವೇ ಎತ್ತಿ ಕೂತರು. ಗಾಳಿ ಬಿಟ್ಟ ಟ್ಯೂಬಿನಂತಾಗಿದ್ದರು.

“ಆವತ್ತೇ ಯಾಕೆ ಬಾಯಿ ಬಿಡ್ಲಿಲ್ಲ ನೀನು?”

“ನೀವು ಮಾವ ಅಂತ.”

“ಮಾವ ಅಂದ್ರೇನು, ಹುಲಿನಾ?”

“ಹುಲಿಯಾಗಿದ್ರೆ ಓಡಿಹೋಗ್ಬಹುದಿತ್ತು, ಸಾಹೇಬ್ರೇ,” ಎಂದ ಹೊರಗಿನಿಂದ ಬೈರಿಗೆ.

ಮಾವ ಅವನನ್ನು ಬೈಯಲಿಲ್ಲ. ತಗ್ಗಿದ ದನಿಯಲ್ಲಿ ಅಂದರು: “ನಿಮ್ಮತ್ತೆಗೆ ಹೇಳಿಬಿಟ್ಟಿದ್ದೀನಲ್ಲ. ನಾನು ಕೈ ಇಟ್ಟಲ್ಲೆಲ್ಲ ಬೂದಿ ಅಂತ ಮದುವೆಯಾದಾಗಿನಿಂದ ಅಂತಿದ್ಲು. ಮೊದಲನೇ ಸಲ ನನ್ನ ಹೊಗಳಿದ್ಲು ಕಣಮ್ಮ.”

ಅವಳಿಗೆ ಅಯ್ಯೋ ಅನ್ನಿಸಿತು. ತನ್ನ ಮೇಲೆ ಸಿಟ್ಟೂ ಬಂತು. ಅಂದು ಬೆಳಿಗ್ಗೆಯೇ ‘ಉಂಗುರ ಬಿಚ್ಚಿ ಮಾವ’ ಎಂದು ಮೂರು ಮಾತು ಆಡಿದ್ದರೆ ಈ ಮನುಷ್ಯನಿಗೆ ಇಷ್ಟು ನೋವಾಗುತ್ತಿರಲಿಲ್ಲ. ಗೌರವ ಎಂದುಕೊಂಡು ತಾನು ಮಾಡಿದ್ದು ಬರೀ ಪುಕ್ಕಲುತನ.

“ರಿಗ್ ಇದ್ದಲ್ಲೇ ಇರ್ಲಿ,” ಎಂದರು ಮಾವ. “ನಿನ್ನ ತಾಮ್ರ ಇದ್ಯಾ, ನೋಡೇಬಿಡೋಣ.”

ಅವರು ಮನೆಗೆ ಹೋಗಲಿಲ್ಲ. ಹೋದರೆ ಹೆಂಡತಿಗೆ ಮುಖ ತೋರಿಸಬೇಕಿತ್ತು. ರಿಗ್ಗಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕೊಳವೆಯಿಂದ ಹೊರಬರುವ ಕಲ್ಲಿನ ಉದ್ದುದ್ದ ತುಂಡುಗಳನ್ನು ಬೈರಿಗೆ ಪೆಟ್ಟಿಗೆಯಲ್ಲಿ ಜೋಡಿಸುವುದನ್ನು ನೋಡುತ್ತ, ಪ್ರತಿ ತುಂಡಿಗೂ ‘ಇದಾ?’ ಎನ್ನುತ್ತ ಎಲ್ಲರ ತಲೆ ತಿಂದರು.

ಮೋಡ ಕಟ್ಟತೊಡಗಿದ ಒಂದು ಮಧ್ಯಾಹ್ನ ಬೈರಿಗೆ “ಮೇಡಂ!” ಎಂದು ಕಿರುಚಿದ. ಅವಳು ಎದ್ದುಬಿದ್ದು ಓಡಿದಳು. ಅವಳು ಹೇಳಿದ್ದ ಆಳದಲ್ಲೇ, ಕಲ್ಲಿನ ತುಂಬ ತಾಮ್ರದ ಅದಿರಿನಂಥದೇ ಹಳದಿ ಹೊಳೆಯುತ್ತಿತ್ತು. ಮಾವ ಎದ್ದು ನಿಂತರು. ಅಡುಗೆಯವನು ಸೌಟು ಹಿಡಿದುಕೊಂಡೇ ಕುಣಿದ. ಅವಳ ಕಣ್ಣು ತುಂಬಿ ಬಂತು. ಜೇಬಿನಿಂದ ಚಾಕು ತೆಗೆದು ಆ ಹಳದಿಯ ಮೇಲೆ ಗೀರಿದಳು.

ತಾಮ್ರದ ಅದಿರು ಮೆತ್ತಗೆ, ಚಾಕುವಿಗೆ ಬಗ್ಗುತ್ತದೆ. ಇದು ಬಗ್ಗಲಿಲ್ಲ. ಇನ್ನೊಂದು ಕಡೆ ಗೀರಿದಳು. ಚಾಕು ಜಾರಿತು. ಮತ್ತೊಂದು ಕಡೆ ಗೀರಿದಳು.

ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ‘ಲ್ಯಾಬಿಗೆ ಕಳಿಸಿ ನೋಡೋಣ’ ಎಂದುಬಿಡಬಹುದಿತ್ತು. ಇನ್ನೊಂದಿಷ್ಟು ದಿನ ಎಲ್ಲರೂ ಖುಷಿಯಾಗಿರುತ್ತಿದ್ದರು, ಅವಳೂ ಸೇರಿ.

“ಇಲ್ಲ, ಮಾವ,” ಎಂದಳು. “ಬರೀ ಕಬ್ಬಿಣ, ಗಂಧಕ. ಮೇಲಿನ ಕಿಲುಬು ಬಿಟ್ರೆ ಕೆಳಗೆ ತಾಮ್ರ ಇಲ್ಲ. ಈ ಗುಡ್ಡದಲ್ಲಿ ಇಲ್ಲ.”

“ಸ್ವಲ್ಪಾನೂ?”

“ಸ್ವಲ್ಪಾನೂ ಇಲ್ಲ.”

ಹೇಳಿ ಮುಗಿಸಿ, ಪೆಟ್ಟಿಗೆಯ ಮೇಲೆ ಕೂತು, ಯಾರಿಗೂ ನಾಚದೆ ಅತ್ತಳು. ಬೈರಿಗೆ ಇಂಜಿನ್ ಆರಿಸಿದ. ಮಾವ ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಸ್ಯಾಟಲೈಟ್ ಫೋನು ತೆಗೆದುಕೊಂಡು ಸ್ವಲ್ಪ ದೂರ ಹೋದರು. ದೂರ ಹೋದರೇನು, ಅವರ ಗಂಟಲು ಗುಡ್ಡದಾಚೆಗೂ ಕೇಳಿಸುವಂಥದ್ದು.

“ಇಲ್ಲ ಕಣೇ. ಚಿನ್ನಾನೂ ಇಲ್ಲ, ತಾಮ್ರಾನೂ ಇಲ್ಲ... ಹೂಂ, ಬೂದಿನೇ ಅಂದ್ಕೋ... ಯಾರು ಹೇಳಿದ್ದಾ? ಸೊಸೆ ಹೇಳಿದ್ಲು... ಬೇರೆಯವರನ್ನ ಯಾಕೆ ಕೇಳ್ಬೇಕು? ಅವಳು ಇಲ್ಲ ಅಂದ್ರೆ ಇಲ್ಲ, ಅಷ್ಟೇ!”

ಫೋನಿಟ್ಟು ಬಂದು, ಕುರ್ಚಿಯನ್ನು ಅವಳ ಪೆಟ್ಟಿಗೆಯ ಪಕ್ಕಕ್ಕೆ ಎಳೆದುಕೊಂಡು ಕೂತರು.

“ಅತ್ತಿದ್ದು ಸಾಕು. ಮುಂದಿನ ಗುಡ್ಡ ಯಾವ್ದು, ನೀನೇ ಹೇಳು.”