ಒಳ್ಳೆ ನಂಬರಿನ ಟೈಲರಮ್ಮ

ನನಗೆ ಮೂಗಿನ ತುದಿಯಲ್ಲೇ ಕೋಪ. ಇಪ್ಪತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದ ನರ್ಸಿಗೆ ಅಷ್ಟೂ ಇಲ್ಲದಿದ್ದರೆ ಯಾರು ಮಾತು ಕೇಳುತ್ತಾರೆ ಎಂದುಕೊಂಡಿದ್ದೆ. ಸೋಂಕು ಹಬ್ಬಿ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ, ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ಹದಿನಾಲ್ಕು ಹೆಂಗಸರನ್ನು ನನಗೆ ಒಪ್ಪಿಸಿದರು. ಅವರು ಸುಮ್ಮಸುಮ್ಮನೆ ಆಸ್ಪತ್ರೆಗೆ ಬರುವ ಹಾಗಿರಲಿಲ್ಲ. ಮನೆಯಲ್ಲೇ ನಾನು ಹೇಳಿದ ಪಥ್ಯ ಮಾಡಿ, ಬೆರಳು ಚುಚ್ಚಿಕೊಂಡು, ಸಕ್ಕರೆ ಅಳೆಯುವ ಮಷೀನಿನಲ್ಲಿ ಬಂದ ನಂಬರನ್ನು ಫೋನಿನಲ್ಲಿ ಹೇಳಬೇಕು. ನಾನು ದಾಸ್ತಾನು ಕೋಣೆಯಲ್ಲಿ, ಗ್ಲೌಸಿನ ಡಬ್ಬಿಗಳ ನಡುವೆ ಕುಳಿತು ಬರೆದುಕೊಳ್ಳಬೇಕು.

ಅವರಲ್ಲೊಬ್ಬಳು ಟೈಲರಮ್ಮ, ಚೊಚ್ಚಲ ಬಸುರಿ. ಫೋನ್ ಮಾಡಿದಾಗಲೆಲ್ಲ ಹಿಂದೆ ಹೊಲಿಗೆ ಮಷೀನಿನ ಸದ್ದು. ಅವಳು ಮಾಸ್ಕ್ ಹೊಲಿಯುತ್ತಿದ್ದಳು. ಬಸ್ಸುಗಳು ನಿಂತಿದ್ದರಿಂದ ಡ್ರೈವರ್ ಗಂಡ ಪಕ್ಕದಲ್ಲಿ ಕೂತು ದಾರ ಕತ್ತರಿಸುತ್ತಿದ್ದ. ಮೊದಲ ದಿನ, ಊಟವಾಗಿ ಎರಡು ಗಂಟೆಯಾದ ಮೇಲೆ, ನೂರ ತೊಂಬತ್ತಾರು ಅಂದಳು. ನೂರಿಪ್ಪತ್ತರೊಳಗೆ ಇರಬೇಕಾದದ್ದು.

"ಬಾಯಿ ಕಟ್ಟೋಕೆ ಆಗಲ್ವೇನಮ್ಮ? ಮಗು ಬೇಕೋ ಬೇಡ್ವೋ ನಿನಗೆ?" ಅಂದೆ.

ಆ ಕಡೆ ಮಷೀನಿನ ಸದ್ದು ನಿಂತಿತು. "ಆಯ್ತು ಸಿಸ್ಟರ್" ಅಂದಳು.

ಮಾರನೆಯ ದಿನದಿಂದ ನೂರ ಹತ್ತು, ನೂರ ಎಂಟು, ನೂರ ಹದಿನಾಲ್ಕು. ದಂಡಂ ದಶಗುಣಂ ಅಂತ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಡಾಕ್ಟರ ಮುಂದೆಯೂ ಜಂಬ ಕೊಚ್ಚಿಕೊಂಡೆ.

ಮೂರು ವಾರದ ಮೇಲೆ ಅವಳು ಸ್ಕ್ಯಾನಿಗೆ ಬಂದಳು. ಮುಖ ನೋಡಿದ್ದು ಅವತ್ತೇ, ಅದೂ ಮಾಸ್ಕಿನ ಮೇಲಿನ ಅರ್ಧ. ಎಂಟನೇ ತಿಂಗಳಿಗೆ ಮಗು ಮಿತಿಮೀರಿ ಬೆಳೆದಿತ್ತು, ಸುತ್ತಲಿನ ನೀರೂ ಹೆಚ್ಚಿತ್ತು. ಡಾಕ್ಟರು ಪರದೆ ನೋಡಿದರು, ನನ್ನ ಪುಸ್ತಕ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಅವಳ ಕೈಗಳನ್ನು ಎಳೆದುಕೊಂಡೆ. ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುವವಳ ಬೆರಳುಗಳಲ್ಲಿ ಒಂದು ಗುರುತೂ ಇರಲಿಲ್ಲ. ನಾನೇ ಚುಚ್ಚಿದೆ. ಇನ್ನೂರ ಹನ್ನೆರಡು.

ಗಂಡಸರನ್ನು ಒಳಗೆ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಅವಳ ಗಂಡ ನೀರಿನ ಬಾಟಲಿ ಕೊಡಲು ಕಿಟಕಿಯಿಂದ ಕೈ ಚಾಚಿದ. ಬೆರಳ ತುದಿಗಳ ತುಂಬ ಸಣ್ಣ ಕಪ್ಪು ಚುಕ್ಕೆಗಳು.

"ಮೂರು ವಾರ ನಾನು ಬರ್ಕೊಂಡಿದ್ದು ಯಾರ ನಂಬರಪ್ಪ?"

ಅವನು ತಲೆ ತಗ್ಗಿಸಿದ. "ನಂದೇ ಸಿಸ್ಟರ್."

"ನಿಮಗಿಬ್ಬರಿಗೂ ತಲೇಲಿ..." ಅಂತ ಶುರು ಮಾಡಿದ್ದೆ.

"ಅವರನ್ನ ಬೈಬೇಡಿ" ಅಂದಳು ಟೈಲರಮ್ಮ. "ನೀವು ಹೇಳಿದ್ದನ್ನೇ ತಿಂದೆ, ಅಳೆದು ತಿಂದೆ. ಆದ್ರೂ ಇಳೀಲಿಲ್ಲ. ನಿಮ್ಮ ಫೋನ್ ಬರೋ ಹೊತ್ತಾದ್ರೆ ಅವರೇ ತಮ್ಮ ಬೆರಳು ಚುಚ್ಚಿಕೊಳ್ಳೋರು. ಮಗು ಬೇಕೋ ಬೇಡ್ವೋ ಅಂದ್ರಲ್ಲ. ಏಳು ವರ್ಷ ಕಾದಿದೀನಿ ಸಿಸ್ಟರ್."

ನಾಚಿಕೆಯಾಯಿತು. ಎಷ್ಟೋ ಬಸುರಿಯರಿಗೆ ಬರೀ ಪಥ್ಯದಿಂದ ಸಕ್ಕರೆ ಇಳಿಯುವುದಿಲ್ಲ; ಅದು ಅವರ ತಪ್ಪಲ್ಲ, ಇನ್ಸುಲಿನ್ ಇರುವುದೇ ಅದಕ್ಕೆ. ಇದನ್ನು ಮೊದಲ ದಿನವೇ ಹೇಳಬೇಕಾದವಳು ನಾನು. ನೂರ ತೊಂಬತ್ತಾರು ಅಂದ ದಿನವೇ ಇನ್ಸುಲಿನ್ ವಿಷಯ ಡಾಕ್ಟರ ಕಿವಿಗೆ ಹಾಕಿದ್ದರೆ ಮೂರು ವಾರ ಉಳಿಯುತ್ತಿತ್ತು.

ಅವತ್ತೇ ಅವಳನ್ನು ದಾಖಲು ಮಾಡಿಕೊಂಡರು. ಮೊದಲ ಇಂಜೆಕ್ಷನ್ ನಾನೇ ಕೊಟ್ಟೆ. ಮಗುವಿನ ಎದೆಬಡಿತ ಸರಿಯಾಗಿಯೇ ಇತ್ತು, ಆದರೆ ಇನ್ನು ದಿನಾ ಕಾಯಬೇಕು ಅಂದರು ಡಾಕ್ಟರು.

ದಾಸ್ತಾನು ಕೋಣೆಗೆ ಬಂದು ಪುಸ್ತಕ ತೆರೆದೆ. ಹದಿನಾಲ್ಕರಲ್ಲಿ ಒಂಬತ್ತು ಮಂದಿಯ ನಂಬರು ಬಹಳ ಚಂದವಾಗಿತ್ತು. ಒಬ್ಬೊಬ್ಬರದೂ ಯಾವಾಗಿನಿಂದ ಚಂದವಾಯಿತು ಎಂದು ಪುಟ ತಿರುವಿ ನೋಡಿದೆ. ಎಲ್ಲರದೂ ನಾನು ಬೈದ ಮಾರನೆಯ ದಿನದಿಂದ.

ಪಟ್ಟಿಯಲ್ಲಿ ಮೊದಲಿದ್ದ ಶಾಲೆಯ ಟೀಚರಿಗೆ ಫೋನ್ ಮಾಡಿದೆ.

"ನೂರ ಹನ್ನೆರಡು ಸಿಸ್ಟರ್" ಅಂದಳು, ನಾನು ಬಾಯಿ ತೆರೆಯುವ ಮೊದಲೇ.

"ಇನ್ಮೇಲೆ ಬೈಯಲ್ಲಮ್ಮ. ಎಷ್ಟೇ ಇದ್ರೂ ಬೈಯಲ್ಲ. ಈಗ ಹೇಳು."

ಆ ಕಡೆ ಪುಸ್ತಕದ ಹಾಳೆ ತಿರುವಿದ ಸದ್ದಾಯಿತು. ಆಮೇಲೆ ಮೂಗು ಎಳೆದುಕೊಂಡದ್ದು ಕೇಳಿಸಿತು.

"ಸಿಸ್ಟರ್, ಮೊದಲ್ನೇ ವಾರದಿಂದ ಬರ್ಕೋತೀರಾ?"